ಮಳೆಯ ದಾರಿ, ಕೊಳೆಯ ದಾರಿ: ದಿಂಡಿಗಲ್ಲಿನ ನೀರಿನ ಚರಿತ್ರೆ

ಪಳನಿ ಬೆಟ್ಟಗಳಿಗೂ ಸಿರುಮಲೈ ಗಿರಿಶ್ರೇಣಿಗೂ ನಡುವಣ ಬಯಲಿನಲ್ಲಿ ಒಂದು ಬೋಳು ಬಂಡೆಯ ಸುತ್ತ ಬೆಳೆದುಕೊಂಡಿರುವ ದಿಂಡಿಗಲ್ ಪಟ್ಟಣವು, ನೀರಿನ ದೃಷ್ಟಿಯಿಂದ ನೋಡುವುದಾದರೆ, ತನ್ನ ನೆರೆಯ ಊರುಗಳಿಗೆಲ್ಲ ಬೆನ್ನು ಮಾಡಿ ಕುಳಿತ ಊರು. ಪಶ್ಚಿಮದ ಕಂಬಂ ಕಣಿವೆಯ ನೀರೂ ತೇನಿಯ ನೀರೂ ವೈಗೈ ನದಿಯನ್ನು ಸೇರಿ, ಮದುರೆಯ ಮುಂದೆ ಹಾದು, ಆಗ್ನೇಯಕ್ಕೆ ರಾಮನಾಥಪುರದ ಕಡೆ ನಡೆಯುವುವು. ದಿಂಡಿಗಲ್ಲಿನ ಮೇಲೆ ಬಿದ್ದ ಮಳೆಯಾದರೋ ಕುಡಗನಾರು ಎಂಬ ಹೊಳೆಯನ್ನು ಹಿಡಿದು ಉತ್ತರಾಭಿಮುಖವಾಗಿ ಹರಿದು, ಅಮರಾವತಿಯನ್ನು ಕೂಡಿ, ಕರೂರಿನ ಆಚೆ ಕಾವೇರಿಗೆ ಸಲ್ಲುವುದು. ಕೊಡಗಿನಲ್ಲಿ ಹುಟ್ಟಿ ನಮ್ಮ ನಾಡನ್ನು ದಾಟಿ ಹೋದ ನದಿಗೆ ಈ ದೂರದ ಊರಿನ ಚರಂಡಿಯೂ ಒಂದು ದೂರದ ಉಪನದಿಯೇ ಆಗಿದೆ ಎಂಬ ಸಂಗತಿಯು ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿಸಲು ಸಾಕಾದೀತು. ಸಾಲದೆಂದರೆ ಇನ್ನೊಂದು ಕಾರಣವೂ ಉಂಟು. ಆ ಬಂಡೆಯ ಮೇಲಿನ ಕೋಟೆಯು ಹದಿನೆಂಟನೆಯ ಶತಮಾನದಲ್ಲಿ ಬಹುಕಾಲ ಮೈಸೂರಿನದಾಗಿತ್ತು.

ಮದುರೆಯ ನಾಯಕ ಅರಸರಲ್ಲಿ ಒಬ್ಬನಾದ ಮುತ್ತು ಕೃಷ್ಣಪ್ಪ ನಾಯಕನು 1605ರ ಸುಮಾರಿನಲ್ಲಿ ಕಟ್ಟಿಸಿದ ಈ ಕೋಟೆಗೆ 1755ರಲ್ಲಿ ಫೌಜುದಾರನಾಗಿ ಬಂದವನು ಹೈದರ್ ಅಲಿ. ಶ್ರೀರಂಗಪಟ್ಟಣದಲ್ಲಿ ದಳವಾಯಿಗಳ ಕೈಕೆಳಗೆ ಇದ್ದ ಆ ಸೇನಾನಿಯು ಸ್ವತಂತ್ರನಾಗಿ ಆಡಳಿತ ನಡೆಸುವುದನ್ನೂ, ಫ್ರೆಂಚರ ನೆರವಿನಿಂದ ಮದ್ದುಗುಂಡಿನ ಕಾರ್ಖಾನೆ ನಡೆಸುವುದನ್ನೂ ಕಲಿತದ್ದು ಇಲ್ಲಿಯೇ. ಟಿಪ್ಪುವಿನ ಕಾಲದಲ್ಲಿ ಸಯ್ಯದ್ ಸಾಹೇಬನು ಕೋಟೆಯನ್ನು ಬಲಪಡಿಸಿದನು. 1790ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. 1792ರ ಶ್ರೀರಂಗಪಟ್ಟಣದ ಕೌಲಿನಿಂದ ದಿಂಡಿಗಲ್ಲು ಮೈಸೂರಿನ ಕೈಯನ್ನು ಶಾಶ್ವತವಾಗಿ ಬಿಟ್ಟುಹೋಯಿತು. ಯುದ್ಧಗಳ ಈ ಕಥೆಯನ್ನು ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಕೋಟೆಯೊಳಗಿನ ಸೈನಿಕನು ಕುಡಿದ ನೀರು ಎಲ್ಲಿಂದ ಬಂತೆಂಬುದನ್ನು ಮಾತ್ರ ಅವರಲ್ಲಿ ಹೆಚ್ಚಿನವರು ಕೇಳಲು ಹೋಗಲಿಲ್ಲ.

ಅದು ಬಂದದ್ದು ಆಕಾಶದಿಂದ. ಬಂಡೆಯ ನೆತ್ತಿಯಲ್ಲಿ ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ. ಹಸಿಮಣ್ಣು ಎಂಬುದೇ ಇಲ್ಲದ ಕಲ್ಲಿನ ಮೇಲೆ ಬಿದ್ದ ನೀರು ಇಂಗದೆ ಅಷ್ಟೂ ಹರಿದು ಬರುವುದಾದುದರಿಂದ, ಕೋಟೆ ಕಟ್ಟಿದವರು ಅದರ ವೇಗಕ್ಕೆ ಹೆದರುವ ಬದಲು ಅದನ್ನು ತಡೆದು ನಿಲ್ಲಿಸುವ ಉಪಾಯವನ್ನು ಹೂಡಿದರು. ಚಿತ್ರದುರ್ಗವನ್ನು ಕಂಡವರಿಗೆ ಈ ವಿದ್ಯೆಯ ಪೂರ್ಣ ಸ್ವರೂಪವು ತಿಳಿದಿರುತ್ತದೆ: ಮೇಲಿನ ಗೋಪಾಲಸ್ವಾಮಿ ಹೊಂಡವು ತುಂಬಿ ಕೋಡಿ ಹರಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ದಿಂಡಿಗಲ್ಲಿನಲ್ಲಿ ಅಷ್ಟು ದೀರ್ಘವಾದ ಸರಪಣಿಯಿಲ್ಲದಿದ್ದರೂ ತತ್ತ್ವವು ಅದೇ. ಬಂಡೆಯ ಬುಡದಲ್ಲಿ, ಕೋಟೆ ಮಾರಿಯಮ್ಮನ ಗುಡಿಯ ನೆರೆಯಲ್ಲಿ, ಕೋಟೈಕುಳಂ ಎಂಬ ಕೊಳ. ಊರೊಳಗೆ ಗೋಪಾಲಸಮುದ್ರವೆಂಬ ಕೆರೆ. ಅದರಾಚೆ ಬಯಲಿನ ಕೆರೆಗಳು. ಎಲ್ಲದರ ಕೊನೆಗೆ ಹೊಳೆ. ಗೋಪಾಲಸಮುದ್ರದ ಹೆಸರಿನ ಹಿಂದೆ ಒಂದು ದಾರುಣವಾದ ನೆನಪಿದೆ. ವಿರೂಪಾಕ್ಷಿಯ ಪಾಳೆಯಗಾರನಾದ ಗೋಪಾಲ ನಾಯಕನನ್ನು ಇಂಗ್ಲಿಷರು 1801ರಲ್ಲಿ ಗಲ್ಲಿಗೇರಿಸಿದ್ದು ಈ ಕೆರೆಯ ಬಳಿಯೆಂದೂ, ಆತನ ಹೆಸರೇ ಕೆರೆಗೆ ನಿಂತಿತೆಂದೂ ಊರವರು ಹೇಳುತ್ತಾರೆ. ನಮ್ಮಲ್ಲಿ ರಾಜರ ಹೆಸರಿನ ಕೆರೆಗಳು ನೂರಾರು ಇವೆ. ಗಲ್ಲಿಗೇರಿದವನ ಹೆಸರನ್ನು ಹೊತ್ತ ಕೆರೆ ಅಪೂರ್ವವೆಂದೇ ತೋರುತ್ತದೆ.

ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನದು. ಆ ಮೂರು ತಿಂಗಳು ಕಾಲುವೆಗಳಲ್ಲಿ ನೀರು ನೊರೆಗಟ್ಟಿ ಓಡುತ್ತದೆ. ಉಳಿದ ತಿಂಗಳುಗಳಲ್ಲಿ ಅವು ಬಹುಮಟ್ಟಿಗೆ ಬರಿದಾಗಿರುತ್ತವೆ. ಓದುಗರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ನಡೆದ ಅನರ್ಥಕ್ಕೆಲ್ಲ ಇದೇ ಬೀಜ. ವರ್ಷದ ಬಹುಭಾಗ ಒಣಗಿರುವ ಕಾಲುವೆಯು ನೋಡುವವರ ಕಣ್ಣಿಗೆ ಯಾರದೂ ಅಲ್ಲದ ಜಾಗವಾಗಿ ಕಾಣುವುದು. ಯಾರದೂ ಅಲ್ಲದ ಜಾಗಕ್ಕೆ ಮೊದಲು ಕಸ, ತರುವಾಯ ಬಚ್ಚಲ ನೀರು, ಕಡೆಗೆ ಮನೆಯ ಗೋಡೆ ಬರುವುದು ಲೋಕರೂಢಿ. ಹಿಂದೆ ಇದನ್ನು ತಡೆದದ್ದು ಧರ್ಮಬುದ್ಧಿಗಿಂತ ಹೆಚ್ಚಾಗಿ ಕೆರೆಯ ಕೆಳಗಿನ ಗದ್ದೆಯವನ ಸ್ವಾರ್ಥ. ಕಾಲುವೆ ಹೂತರೆ ಅವನ ಪೈರು ಒಣಗುತ್ತಿತ್ತು. ಆದ್ದರಿಂದ ಊರವರು ವರ್ಷಕ್ಕೊಮ್ಮೆ ಕೂಡಿ ಹೂಳು ತೆಗೆಯುತ್ತಿದ್ದರು. ತಮಿಳುನಾಡಿನಲ್ಲಿ ಇದಕ್ಕೆ ಕುಡಿಮರಾಮತ್ತು ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಈ ಕಟ್ಟಳೆ ಸಡಿಲವಾದುದನ್ನು ಕಂಡು 1858ರಲ್ಲಿ ಅದಕ್ಕೊಂದು ಶಾಸನವನ್ನೇ ಮಾಡಿದರು. ಒಪ್ಪಿ ಮಾಡುತ್ತಿದ್ದ ಕೆಲಸಕ್ಕೆ ದಂಡದ ಭಯ ಬೇಕಾಯಿತೆಂದರೆ ಆ ಕೆಲಸವು ಆಗಲೇ ಅರ್ಧ ಸತ್ತಿತ್ತೆಂದು ತಿಳಿಯಬೇಕು.

ಪಟ್ಟಣದ ನೀರನ್ನು ಕುರಿತು ಸರ್ಕಾರವು ಯೋಚಿಸತೊಡಗಿದ್ದು ಮೊದಲಿಗೆ ಜ್ವರದ ನಿಮಿತ್ತವಾಗಿ. 1809ರಿಂದ 1811ರವರೆಗೆ ಕೊಯಮತ್ತೂರು, ಮದುರೆ, ದಿಂಡಿಗಲ್ಲು, ತಿರುನೆಲ್ವೇಲಿ ಸೀಮೆಗಳಲ್ಲಿ ಒಂದು ಮಹಾಜ್ವರವು ಹಬ್ಬಿ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡಿತು. ಅದರ ಕಾರಣವನ್ನು ಶೋಧಿಸಲು ಮದರಾಸು ಸರ್ಕಾರವು ವೈದ್ಯರ ಸಮಿತಿಯೊಂದನ್ನು ನೇಮಿಸಿತು. ಐನ್ಸ್ಲಿ, ಸ್ಮಿತ್, ಕ್ರಿಸ್ಟಿ ಎಂಬ ಮೂವರ ವರದಿಯು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸೊಳ್ಳೆಯ ಪಾತ್ರವು ತಿಳಿಯಲು ಇನ್ನೂ ಎಂಟು ದಶಕಗಳು ಕಳೆಯಬೇಕಾಗಿದ್ದ ಆ ಕಾಲದ ವೈದ್ಯಶಾಸ್ತ್ರವು ಇಂಥ ಜ್ವರಕ್ಕೆಲ್ಲ ಜೌಗು ನೆಲದಿಂದೇಳುವ ದೂಷಿತ ವಾಯುವನ್ನೇ ಹೊಣೆ ಮಾಡುತ್ತಿತ್ತು. ವಾದವು ತಪ್ಪಾಗಿದ್ದರೂ ಅದು ತೋರಿಸಿದ ಬೆರಳು ಪೂರ್ತಿ ತಪ್ಪು ದಿಕ್ಕಿಗಿರಲಿಲ್ಲ. ನಿಂತ ನೀರು ಅಪಾಯಕಾರಿ ಎಂಬ ಮಾತು ನಿಜವೇ. ಆದರೆ ಆ ಮಾತಿನಿಂದ ನಗರ ನಿರ್ಮಾಪಕರ ತಲೆಯಲ್ಲಿ ನಿಂತ ಪಾಠವು ಬೇರೆ ಬಗೆಯದು: ನೀರು ಎಲ್ಲಿಯೂ ನಿಲ್ಲಕೂಡದು, ಬೇಗ ಊರ ಹೊರಗೆ ಹೋಗಬೇಕು. ನೀರನ್ನು ನಿಲ್ಲಿಸುವುದೇ ವಿದ್ಯೆಯೆಂದು ಬಗೆದಿದ್ದ ನಾಡಿನಲ್ಲಿ ನೀರನ್ನು ಓಡಿಸುವುದು ವಿದ್ಯೆಯಾಯಿತು. 1866ರಲ್ಲಿ ದಿಂಡಿಗಲ್ಲಿಗೆ ಪುರಸಭೆ ಬಂತು. ಬೀದಿಯ ಎರಡು ಮಗ್ಗುಲಿಗೂ ತೆರೆದ ಚರಂಡಿ ತೋಡುವುದು ಅಂದಿನ ಪುರಸಭೆಗಳೆಲ್ಲದರ ಪರಮೋಚ್ಚ ನಾಗರಿಕ ಸಾಧನೆಯಾಗಿತ್ತು. ಆ ಚರಂಡಿಯಲ್ಲಿ ಮಳೆಯ ನೀರೂ ಹರಿಯಿತು, ಮನೆಯ ನೀರೂ ಹರಿಯಿತು. ಎರಡನ್ನೂ ಒಂದೇ ದಾರಿಗೆ ಹಾಕಿದ ಆ ದಿನವೇ ಊರ ಕೆರೆಗಳ ಹಣೆಬರಹ ಬದಲಾಯಿತು.

ಆದರೂ ಮನೆಯ ಬಚ್ಚಲು ನೀರಿನಿಂದ ಒಂದು ಊರಿನ ಅಂತರ್ಜಲವೆಲ್ಲ ಕೆಡುವುದಿಲ್ಲ. ದಿಂಡಿಗಲ್ಲಿನದನ್ನು ಕೆಡಿಸಿದ್ದು ತೊಗಲಿನ ಉದ್ಯಮ.

ಪಟ್ಟಣದ ದಕ್ಷಿಣ ಭಾಗದಲ್ಲಿ ಬೇಗಂಪುರ ಎಂಬ ಪೇಟೆಯಿದೆ. ಹೈದರನ ಸೋದರಿ ಅಮೀರುನ್ನಿಸಾ ಬೇಗಮಳ ಗೋರಿ ಅಲ್ಲಿನ ದೊಡ್ಡ ಮಸೀದಿಯ ಆವರಣದಲ್ಲಿದೆ; ಪೇಟೆಗೆ ಹೆಸರು ಬಂದದ್ದು ಆಕೆಯಿಂದ. ಸುತ್ತಲಿನ ಸಂತೆಗಳಿಂದ ಕುರಿ, ಮೇಕೆ, ದನಗಳ ಹಸಿತೊಗಲು ಉಪ್ಪು ಬಳಿಸಿಕೊಂಡು ಇಲ್ಲಿಗೆ ಬರುತ್ತಿತ್ತು. ಅದನ್ನು ಮೊದಲು ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸುವುದು, ಬಳಿಕ ಸುಣ್ಣದ ಗುಂಡಿಯಲ್ಲಿಟ್ಟು ಕೂದಲು ಸಡಿಲಿಸುವುದು, ಕೂದಲನ್ನೂ ಒಳಮಗ್ಗುಲಿನ ಮಾಂಸವನ್ನೂ ಕೆರೆಯುವುದು, ತೊಳೆದು ಸುಣ್ಣ ತೆಗೆಯುವುದು, ಕಡೆಗೆ ತಂಗಡಿ ಚಕ್ಕೆಯ ರಸದಲ್ಲಿ ವಾರಗಟ್ಟಲೆ ಅದ್ದಿ ಅಳಲೆಕಾಯಿಯಿಂದ ಮುಗಿಸುವುದು. ಇದು ಹಳೆಯ ಹದ. ಹಳದಿ ಹೂವಿನ ತಂಗಡಿ ಈ ಒಣಭೂಮಿಯಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡ. ಮದರಾಸು ಪ್ರಾಂತದಲ್ಲಿ ಹೀಗೆ ಹದಗೊಂಡ ತೊಗಲು ‘ಈಸ್ಟ್ ಇಂಡಿಯಾ’ ಎಂಬ ಹೆಸರಿನಿಂದ ಲಂಡನ್ನಿನ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ಈ ವಿಧಾನದಲ್ಲಿಯೂ ದುರ್ಗಂಧವಿತ್ತು, ಉಪ್ಪಿತ್ತು, ಸುಣ್ಣವಿತ್ತು. ಇಲ್ಲದಿದ್ದರೆ ಹದಗಾರರ ಕೇರಿಗಳನ್ನು ಎಲ್ಲ ಊರುಗಳೂ ಅಂಚಿಗೆ ತಳ್ಳುತ್ತಿರಲಿಲ್ಲ. ನಮ್ಮ ಬೆಂಗಳೂರಿನ ಟ್ಯಾನರಿ ರಸ್ತೆಯೂ ಒಂದು ಕಾಲದಲ್ಲಿ ಊರ ಅಂಚೇ ಆಗಿತ್ತು. ಆದರೆ ತೊಗಟೆಯ ಹದವು ನಿಧಾನ. ನಿಧಾನವಾದ ಕೆಲಸದ ಕೊಳೆಯೂ ನಿಧಾನವಾಗಿ ಸೇರುತ್ತದೆ.

ವೇಗವನ್ನು ತಂದದ್ದು ಕ್ರೋಮಿಯಂ ಲವಣ. ಅದರಿಂದ ವಾರಗಳ ಕೆಲಸ ದಿನಗಳಲ್ಲಿ ಮುಗಿಯುವುದು. ಇದನ್ನು ಮದರಾಸಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಪ್ರಯೋಗಿಸಿ ತೋರಿಸಿದವನು ಆಲ್ಫ್ರೆಡ್ ಚಾಟರ್ಟನ್. ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರಿಗೆ ಬಂದು ಕೈಗಾರಿಕಾ ಇಲಾಖೆಯನ್ನು ನಡೆಸಿ, ಗಂಧದೆಣ್ಣೆಯ ಕಾರ್ಖಾನೆಯ ಸ್ಥಾಪನೆಯಲ್ಲಿ ಭಾಗಿಯಾದವನೂ ಅವನೇ. ಆದರೂ ದಿಂಡಿಗಲ್ಲಿನಂಥ ಊರುಗಳಲ್ಲಿ ಕ್ರೋಮಿಯಂ ಹದವು ಸಾರ್ವತ್ರಿಕವಾಗಿ ಹಬ್ಬಲು ಸ್ವಾತಂತ್ರ್ಯಾನಂತರದ ಒಂದು ಸದುದ್ದೇಶವು ಬೇಕಾಯಿತು. ಹಸಿತೊಗಲನ್ನೂ ಅರೆಹದದ ತೊಗಲನ್ನೂ ಹೊರದೇಶಕ್ಕೆ ಅಗ್ಗವಾಗಿ ಕಳುಹಿಸುವ ಬದಲು ಪೂರ್ತಿ ಸಿದ್ಧಗೊಳಿಸಿ ಕಳುಹಿಸಿದರೆ ದೇಶಕ್ಕೆ ಹೆಚ್ಚು ಹಣ ಬರುವುದೆಂದು ಸರ್ಕಾರವು ನೇಮಿಸಿದ ಸೀತಾರಾಮಯ್ಯ ಸಮಿತಿಯು ಶಿಫಾರಸು ಮಾಡಿತು. 1973ರಿಂದ ಸರ್ಕಾರವು ಆ ಪ್ರಕಾರ ರಫ್ತಿಗೆ ಕಟ್ಟುಪಾಡು ಹಾಕಿತು. ಹಣವೂ ಬಂತು, ಉದ್ಯೋಗವೂ ಬಂತು. ಹಿಂದೆ ಇಟಲಿಯ, ಇಂಗ್ಲೆಂಡಿನ ಹೊಳೆಗೆ ಬೀಳುತ್ತಿದ್ದ ಬಣ್ಣ, ಆಮ್ಲ, ಲವಣಗಳು ವೆಲ್ಲೂರಿನ ಕಡೆಯ ಪಾಲಾರು ಹೊಳೆಗೂ ಕುಡಗನಾರಿಗೂ ಬೀಳತೊಡಗಿದವು. ಈ ಧೋರಣೆಯನ್ನು ರೂಪಿಸಿದವರು ವಿದೇಶೀ ವಿನಿಮಯದ ಲೆಕ್ಕವನ್ನು ಚೆನ್ನಾಗಿ ಬಲ್ಲವರು. ಬಾವಿಯ ಲೆಕ್ಕವು ಅವರ ಕಡತದಲ್ಲಿ ಇದ್ದಂತೆ ಕಾಣುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕುಡಗನಾರಿನ ಮೇಲಣ ಜಲಾನಯನದ ಸುಮಾರು 240 ಚದರ ಕಿಲೋಮೀಟರುಗಳನ್ನು ಪರೀಕ್ಷಿಸಿದಾಗ ಪಟ್ಟಣದ ಒಳಗೂ ಸುತ್ತಲೂ ಇದ್ದ ಟ್ಯಾನರಿಗಳು ಸುಮಾರು 80. ಅವುಗಳಿಗೆ ದಿನಕ್ಕೆ 200 ಟನ್ ತೊಗಲನ್ನು ಹದಮಾಡುವ ಸಾಮರ್ಥ್ಯವಿತ್ತು. ಇಲ್ಲಿನ ನೆಲದ ಅಡಿಯಲ್ಲಿರುವುದು ಪ್ರಾಚೀನವಾದ ಕಠಿನ ಶಿಲೆ. ಮೇಲಿನ ಶಿಥಿಲವಾದ ಪದರಿನಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವುದು. ಆ ಬಿರುಕುಗಳು ಯಾವ ಹೊಲದಿಂದ ಯಾವ ಹೊಲಕ್ಕೆ ಕೂಡಿಕೊಂಡಿವೆಯೆಂಬುದು ಮೇಲಿನವರಿಗೆ ಕಾಣುವಂತಿಲ್ಲ. ಟ್ಯಾನರಿಯ ಹಿಂದಿನ ಹೊಂಡಕ್ಕೆ ಬಿಟ್ಟ ಉಪ್ಪುನೀರು ಬೇಸಗೆಯಲ್ಲಿ ಆರಿ ಹೋದಂತೆ ತೋರಿದರೂ ಉಪ್ಪು ಅಲ್ಲಿಯೇ ಉಳಿಯುವುದು. ಹಿಂಗಾರಿನ ಮೊದಲ ಜಡಿಮಳೆಗೆ ಅದು ಕರಗಿ, ಒಂದು ಪಾಲು ಕಾಲುವೆಯ ದಾರಿಯಿಂದ ಕೆರೆಗೂ ಇನ್ನೊಂದು ಪಾಲು ಬಿರುಕಿನ ದಾರಿಯಿಂದ ಬಾವಿಗೂ ಸೇರುವುದು. ಮಳೆಯು ಬಾವಿಯನ್ನು ತುಂಬಬೇಕು, ಶುದ್ಧಗೊಳಿಸಬೇಕು ಎಂಬುದು ಪ್ರಕೃತಿನಿಯಮ. ದಿಂಡಿಗಲ್ಲಿನ ಪಕ್ಕದ ಹಳ್ಳಿಗಳಲ್ಲಿ ಮಳೆಯೇ ವಿಷದ ವಾಹನವಾಯಿತು.

ಇದೇ ಕುಡಗನಾರಿಗೆ ಸಂಬಂಧಿಸಿದ ಇನ್ನೊಂದು ಅನಾಹುತವನ್ನೂ ಇಲ್ಲಿ ಹೇಳಬೇಕು. ವರ್ಷದಲ್ಲಿ ಬಹುಕಾಲ ಮರಳಾಗಿ ಮಲಗಿರುವ ಈ ಹೊಳೆಗೆ ಅಡ್ಡವಾಗಿ ವೇಡಸಂದೂರಿನ ಕಡೆ ಮಣ್ಣಿನ ಅಣೆಯೊಂದನ್ನು ಕಟ್ಟಿದರು. 12 ದಶಲಕ್ಷ ಘನಮೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುವ, ಐದು ತೂಬುಬಾಗಿಲುಗಳ, ಮಧ್ಯಮ ಗಾತ್ರದ ಅಣೆ. 1977ರಲ್ಲಿ, ಕೆಲಸ ಮುಗಿದ ವರ್ಷದಲ್ಲಿಯೇ, ಮಹಾಪೂರ ಬಂತು. ಬಾಗಿಲುಗಳನ್ನೆತ್ತಲು ಸಿಬ್ಬಂದಿ ತಡಮಾಡಲಿಲ್ಲ; ಆದರೆ ಅರ್ಧ ಎತ್ತುವಷ್ಟರಲ್ಲಿ ವಿದ್ಯುತ್ತು ನಿಂತಿತು. ಕೂಡಲೇ ಜನರೇಟರನ್ನು ಚಾಲೂ ಮಾಡಿದರು, ಅದರಿಂದಲೂ ಆಗಲಿಲ್ಲ. ಕಡೆಗೆ ಆಳುಗಳು ಕೈಯಿಂದಲೇ ಬಾಗಿಲೆತ್ತಲು ತೊಡಗಿದರು. ನೀರು ಅವರಿಗಾಗಿ ಕಾಯಲಿಲ್ಲ. ಅದು ಏರಿಯನ್ನು ಹತ್ತಿ ಹಿಂದಿನ ಇಳುಕಲಿನ ಮೇಲೆ ಜಲಪಾತದಂತೆ ಬಿದ್ದು, ಮಣ್ಣನ್ನು ಕೊರೆದು, 20 ಮೀಟರಿನಿಂದ 200 ಮೀಟರಿನವರೆಗಿನ ಕಂಡಿಗಳನ್ನು ತೆಗೆಯಿತು. ಅಣೆಯನ್ನು ಮುಂದೆ ಮತ್ತೆ ಕಟ್ಟಿದರು. ಬತ್ತಿದ ಹೊಳೆಯನ್ನು ಸತ್ತ ಹೊಳೆಯೆಂದು ತಿಳಿಯುವವರು ಈ ಅಣೆಯ ಕಥೆಯನ್ನು ಓದಬೇಕು. ಸಣ್ಣ ಜಲಾನಯನವುಳ್ಳ, ಬೆಟ್ಟಗಳ ಬುಡದ ಹೊಳೆಗಳ ಸ್ವಭಾವವೇ ಹೀಗೆ: ಬಹುಕಾಲ ಏನೂ ಇಲ್ಲ, ಒಂದು ರಾತ್ರಿ ಎಲ್ಲವೂ.

ಟ್ಯಾನರಿಗಳಿಂದ ಕೆಟ್ಟ ಬಾವಿಗಳ ದೂರು ದೆಹಲಿಯನ್ನು ಮುಟ್ಟಿದ್ದು ವೆಲ್ಲೂರಿನ ದಾರಿಯಿಂದ. ಪಾಲಾರು ದಂಡೆಯ ಟ್ಯಾನರಿಗಳ ಮೇಲೆ ವೆಲ್ಲೂರಿನ ನಾಗರಿಕ ಕ್ಷೇಮಾಭಿವೃದ್ಧಿ ವೇದಿಕೆಯು ಹೂಡಿದ ಸಾರ್ವಜನಿಕ ಹಿತಾಸಕ್ತಿಯ ದಾವೆಯಲ್ಲಿ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು ತೀರ್ಪಿತ್ತಿತು. ನ್ಯಾಯಮೂರ್ತಿ ಕುಲದೀಪ್ ಸಿಂಗರು ಬರೆದ ಆ ತೀರ್ಪು ಭಾರತದ ಪರಿಸರ ಕಾನೂನಿನ ಅಡಿಗಲ್ಲುಗಳಲ್ಲಿ ಒಂದೆಂದು ಇಂದು ಎಲ್ಲ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ. ಅದರಲ್ಲಿ ದಿಂಡಿಗಲ್ಲಿನ ಹೆಸರು ಬರುವ ಒಂದು ಭಾಗವಿದೆ: ದಿಂಡಿಗಲ್ ಮತ್ತು ರೆಡ್ಡಿಯಾರ್ ಛತ್ರಂ ಪಂಚಾಯತಿ ಯೂನಿಯನ್ನುಗಳ 13 ಹಳ್ಳಿಗಳಲ್ಲಿ ಸ್ವಯಂಸೇವಾ ಸಂಘವೊಂದು ನಡೆಸಿದ ಸಮೀಕ್ಷೆಯ ಪ್ರಕಾರ ಕುಡಿಯಲೂ ಬೇಸಾಯಕ್ಕೂ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಒಂದು ಕಿಲೋಗ್ರಾಂ ಸಿದ್ಧ ತೊಗಲಿಗೆ ಸುಮಾರು 35 ಲೀಟರ್ ನೀರು ಬೇಕೆಂಬುದನ್ನೂ, ಕ್ರೋಮಿಯಂ ಹದದಲ್ಲಿ ಸುಮಾರು 170 ಬಗೆಯ ರಾಸಾಯನಿಕಗಳು ಬಳಕೆಯಾಗುತ್ತವೆಂಬುದನ್ನೂ ನ್ಯಾಯಾಲಯವು ಎತ್ತಿ ಹೇಳಿತು. ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನೂ ಭರಿಸತಕ್ಕದ್ದೆಂದೂ, ಹಾನಿಯು ಸಿದ್ಧವಾಗುವವರೆಗೆ ಕಾಯದೆ ಮುಂಚಿತವಾಗಿಯೇ ಎಚ್ಚರಿಕೆ ವಹಿಸತಕ್ಕದ್ದೆಂದೂ ವಿಧಿಸಿ, ದಿಂಡಿಗಲ್ಲೂ ಸೇರಿದ ಐದು ಜಿಲ್ಲೆಗಳ ಪ್ರತಿಯೊಂದು ಟ್ಯಾನರಿಗೂ 10,000 ರೂಪಾಯಿ ದಂಡವನ್ನು ಹಾಕಿತು. ಶುದ್ಧೀಕರಣದ ವ್ಯವಸ್ಥೆಯಿಲ್ಲದ ಕಾರ್ಖಾನೆಗಳು ನಡೆಯಕೂಡದೆಂದಿತು.

ತೀರ್ಪು ದೊಡ್ಡದು; ಸಂದೇಹವಿಲ್ಲ. ಹದಗಾರರು ಕೂಡಿಕೊಂಡು ಸಾಮೂಹಿಕ ಶುದ್ಧೀಕರಣ ಸ್ಥಾವರವನ್ನು ನಡೆಸುವಂತಾದದ್ದು ಆ ಕಾಲದ ಒತ್ತಡದಿಂದಲೇ. ಆದರೆ ಸ್ಥಾವರವು ಕೊಳೆತದ್ದನ್ನು ತೆಗೆಯಬಲ್ಲುದು, ಕ್ರೋಮಿಯಮ್ಮನ್ನೂ ಬಹುಮಟ್ಟಿಗೆ ಹಿಡಿಯಬಲ್ಲುದು. ನೀರಿನಲ್ಲಿ ಕರಗಿದ ಉಪ್ಪು ಸಾಮಾನ್ಯ ವಿಧಾನಗಳಿಗೆ ಜಗ್ಗುವುದಿಲ್ಲ. ಹಾಗೆಯೇ ಶಿಲೆಯ ಬಿರುಕಿಗೆ ಆಗಲೇ ಇಳಿದ ಉಪ್ಪನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ಕರೆಸಲಾರದು. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮತ್ತೊಂದು ಸಂಗತಿ. ಟ್ಯಾನರಿಯ ಹೊಗೆಯಡಿಯಲ್ಲಿ ಉಳಿದ ಊರೆಲ್ಲ ತನ್ನ ತಪ್ಪನ್ನು ಅಡಗಿಸಿಕೊಂಡಿತು. ದಂಡ ತೆತ್ತವರು ತೊಗಲಿನ ವ್ಯಾಪಾರಿಗಳು. ಮನೆಯ ಬಚ್ಚಲನ್ನು ಮಳೆಯ ಕಾಲುವೆಗೆ ತಿರುಗಿಸಿದ ಸಾವಿರಾರು ಗೃಹಸ್ಥರನ್ನು ಯಾರೂ ಕೇಳಲಿಲ್ಲ. 2011ರ ಜನಗಣತಿಯಲ್ಲಿ 14 ಚದರ ಕಿಲೋಮೀಟರಿನ ಈ ಊರಿನಲ್ಲಿ 2,07,327 ಜನರಿದ್ದರು. 2014ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಒಳಚರಂಡಿಯ ಕೆಲಸ ಆರಂಭವಾದದ್ದು ಈ ಶತಮಾನದಲ್ಲಿ. ಕೋಟೈಕುಳಕ್ಕೆ ವರ್ಷವರ್ಷವೂ ಗಣೇಶನ ಮೂರ್ತಿಗಳು ಮೆರವಣಿಗೆಯಲ್ಲಿ ಬಂದು ಮುಳುಗುತ್ತವೆ. ಬೆಂಗಳೂರಿನ ವೃಷಭಾವತಿಯನ್ನು ಮೂಗು ಮುಚ್ಚಿಕೊಂಡು ದಾಟುವ ನಾವು ದಿಂಡಿಗಲ್ಲಿನವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ ಎಂಬುದೂ ನಿಜವೇ.

ಇನ್ನು ಕಂಬಂ ಕಣಿವೆಯ ಮಾತು; ದಿಂಡಿಗಲ್ಲು ಕುಡಿಯುವ ನೀರಿನಲ್ಲಿ ಒಂದು ಪಾಲು ಬರುವುದು ಆ ದಾರಿಯಿಂದಲೇ. ಅಲ್ಲಿ ಕಪ್ಪಿಲಿಯರೆಂಬ ಒಕ್ಕಲು ಜನರಿದ್ದಾರೆ. ತುಂಗಭದ್ರೆಯ ದಡದಿಂದ ಬಂದವರೆಂಬ ಐತಿಹ್ಯವುಳ್ಳ ಇವರು ಇಂದಿಗೂ ಮನೆಯಲ್ಲಿ ಕನ್ನಡದ ಒಂದು ಬಗೆಯನ್ನು ಆಡುತ್ತಾರೆ. ಈ ಜನರು ನೆಲೆನಿಂತ ಕಣಿವೆಗೆ 1895ರಲ್ಲಿ ಹೊಸ ನೀರು ಬಂತು. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತಿದ್ದ ಪೆರಿಯಾರನ್ನು ತಡೆದು, ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದವನು ಎಂಜಿನಿಯರ್ ಪೆನಿಕುಕ್. ಕಣಿವೆಯ ಜನ ಅವನ ಹೆಸರನ್ನು ಮಕ್ಕಳಿಗೆ ಇಡುವುದುಂಟು. ಗೂಡಲೂರು, ಕಂಬಂ, ಉತ್ತಮಪಾಳೆಯಂ, ಚಿನ್ನಮನೂರು, ತೇನಿ: ಈ ನೀರಿನ ಬಲದಿಂದ ಹಳ್ಳಿಗಳು ಪಟ್ಟಣಗಳಾದವು, ಪಟ್ಟಣಗಳ ಚರಂಡಿಗಳು ತಮ್ಮನ್ನು ಸಾಕಿದ ಹೊಳೆಗೇ ಬಾಯ್ತೆರೆದುಕೊಂಡವು. ಆ ನೀರು ವೈಗೈ ಸೇರಿ, 1959ರಲ್ಲಿ ಕಟ್ಟಿದ ಜಲಾಶಯದಲ್ಲಿ ನಿಂತು, ಕೆಳಗೆ ಪೇರಣೈ ಎಂಬ ಅಣೆಗೆ ಬರುವುದು.

ಪೇರಣೈಯಿಂದ ದಿಂಡಿಗಲ್ಲಿಗೆ ಕುಡಿಯುವ ನೀರಿನ ಕೊಳವೆಯಿದೆ. ಎರಡನೆಯ ಕೊಳವೆ ಬರುವುದು ಪಟ್ಟಣಕ್ಕಿಂತ ಮೇಲೆ, ಆತ್ತೂರಿನ ಕಾಮರಾಜ ಜಲಾಶಯದಿಂದ. ಅದು ಕುಡಗನಾರಿನ ಕನ್ಯೆನೀರು, ಊರನ್ನು ಮುಟ್ಟುವ ಮುಂಚಿನದು. ಇವೆರಡೂ ಸಾಲದೆ ಹೋದುದರಿಂದ ಮೂರನೆಯದನ್ನು ಕಾವೇರಿಯ ಸಂಯುಕ್ತ ಯೋಜನೆಯಿಂದ ತರಿಸಿಕೊಂಡರು. ಹೀಗಾಗಿ ಒಳ್ಳೆಯ ಮಳೆಯಾದ ವರ್ಷ ತನ್ನ ಕೊಳೆಯನ್ನು ಅಮರಾವತಿಯ ಮೂಲಕ ಕಾವೇರಿಗೆ ಕಳುಹಿಸುವ ಪಟ್ಟಣವು ಅದೇ ಕಾವೇರಿಯಿಂದ ನೂರಾರು ಅಡಿ ಎತ್ತರಕ್ಕೆ ನೀರನ್ನು ಪಂಪು ಮಾಡಿ ತಂದು ಕುಡಿಯುತ್ತದೆ; ಬಂಡೆಯ ಬುಡದಲ್ಲಿ ಬಿದ್ದ ಮಳೆ ಮಾತ್ರ ಬೀದಿಯ ಚರಂಡಿಯಲ್ಲಿ ಕೊಳೆಯೊಡನೆ ಕೂಡಿ ಹೋಗುತ್ತದೆ. ಪಾಲಿಕೆಯವರು ನಾಲ್ಕನೆಯ ನದಿಯನ್ನು ಹುಡುಕುವ ಮುಂಚೆ ಮಳೆಯ ಕಾಲುವೆಗಳಿಂದ ಬಚ್ಚಲುಗಳನ್ನು ಬಿಡಿಸಿ, ಮಳೆಯ ನೀರನ್ನು ಗೋಪಾಲಸಮುದ್ರದವರೆಗಾದರೂ ಶುದ್ಧವಾಗಿ ತಲುಪಿಸಬೇಕು. ಅದಕ್ಕೆ ತಗಲುವ ಹಣವು ಕಾವೇರಿಯ ಕೊಳವೆಗೆ ತಗಲಿದ್ದಕ್ಕಿಂತ ಹೆಚ್ಚಾಗಲಾರದು.